ಗೋಡೆಯಲ್ಲಿ ಒಂದು ಮೊಳೆಯಷ್ಟು ಜಾಗ

ವಾರಕ್ಕೊಮ್ಮೆಯಾದರೂ ಹೊಟ್ಟೆ ಉರಿಯುವಂಥದ್ದು ಏನಾದರೂ ನಡೆಯದೆ ಹೋದರೆ ನನಗೆ ಊಟ ರುಚಿಸುವುದಿಲ್ಲ. ಕಾರವಾರ, ಅಂಕೋಲೆಗಳ ಸುತ್ತ ಈ ಸಣ್ಣ ಸಣ್ಣ ಕಲಾ ಸಂಗ್ರಹಾಲಯಗಳು ಇರುವ ತನಕ ನನ್ನ ಊಟಕ್ಕೇನೂ ತೊಂದರೆಯಿಲ್ಲ.

ನಾನು ಹುಟ್ಟಿದ್ದು ಕೋಲಾರದ ಕಡೆ. ಗಂಡನಿಗೆ ಕೈಗಾದಲ್ಲಿ ಕೆಲಸವಾಯಿತು ಎಂದು ಒಂದು ಟ್ರಂಕು, ಒಂದು ಸ್ಟವ್ ಹಿಡಿದುಕೊಂಡು ಕಾರವಾರಕ್ಕೆ ಬಂದೆ. ಅವರು ಬೆಳಗಾದರೆ ಕಂಪನಿ ಬಸ್ಸು ಹತ್ತಿ ಕಾಡಿಗೆ ಹೋಗುತ್ತಿದ್ದರು, ನಾನು ಇಲ್ಲಿನ ಶಾಲೆಯಲ್ಲಿ ಮಕ್ಕಳಿಗೆ ಮಗ್ಗಿ ಹೇಳಿಕೊಡುತ್ತಿದ್ದೆ. ಇಬ್ಬರೂ ನಿವೃತ್ತರಾದೆವು. ಊರಿಗೆ ಮರಳುವ ಮಾತು ಪ್ರತಿ ಮಳೆಗಾಲ ಬರುತ್ತದೆ, ಬಿಸಿಲು ಬಿದ್ದ ಕೂಡಲೇ ಹೋಗುತ್ತದೆ. ಈ ಸೀಮೆಯಲ್ಲಿ ಶಾಲೆಯ ಟೀಚರಿಗೆ ‘ಅಕ್ಕೋರು’ ಎನ್ನುತ್ತಾರೆ. ಮೂವತ್ತೈದು ವರ್ಷದಿಂದ ನಾನು ಎಲ್ಲರಿಗೂ ಅಕ್ಕೋರೇ. ಆದರೆ ಯಾರಾದರೂ ಹೊಸಬರ ಮುಂದೆ ನನ್ನ ಪರಿಚಯ ಹೇಳುವಾಗ ಇವತ್ತಿಗೂ ಬಾಲ ಅಂಟಿಸುತ್ತಾರೆ: “ನಮ್ಮ ಅಕ್ಕೋರು, ಇಲ್ಲಿನವ್ರಲ್ಲ.”

ದೊಡ್ಡ ಊರಿನ ದೊಡ್ಡ ಸಂಗ್ರಹಾಲಯಗಳನ್ನು ನಾನೂ ಕಂಡಿದ್ದೇನೆ. ಅಲ್ಲಿ ಕಾಲು ನೋಯುತ್ತದೆ, ಕೂರಲು ಕುರ್ಚಿಯಿಲ್ಲ, ಸೀನಿದರೆ ಕಾವಲಿನವನು ತಿರುಗಿ ನೋಡುತ್ತಾನೆ. ಇಲ್ಲಿನವು ಹಾಗಲ್ಲ. ಒಂದು ಕೋಣೆ, ಒಂದು ಫ್ಯಾನು, ಪಕ್ಕದ ಮನೆಯಲ್ಲಿ ಬೀಗದ ಕೈ. ಹೋದ ಕೂಡಲೇ ಕುರ್ಚಿ ಬರುತ್ತದೆ, ಹಿಂದೆಯೇ ಕೋಕಂ ಶರಬತ್ತು ಬರುತ್ತದೆ, ಆಮೇಲೆ ಪುರಸೊತ್ತಾದರೆ ಚಿತ್ರ. ಇಂಥ ಸುಖಕ್ಕಾಗಿಯೇ ನಾನು ತಿಂಗಳಿಗೆರಡು ಸಲ ಬಸ್ಸು ಹತ್ತುತ್ತೇನೆ. ಹೋದಲ್ಲೆಲ್ಲ ಯಾರಾದರೊಬ್ಬರು ಗೋಡೆಯತ್ತ ಬೆರಳು ತೋರಿಸಿ “ಅದು ನಮ್ಮಜ್ಜಿ ಕೈಯದ್ದು” ಎನ್ನುತ್ತಾರೆ. ಆಗ ಕುಡಿದ ಶರಬತ್ತು ಅಲ್ಲಿಯೇ ಹುಳಿಯಾಗುತ್ತದೆ.

ನನ್ನದು ದೊಡ್ಡ ಆಸೆಯೇನೂ ಅಲ್ಲ. ಈ ಊರಿನ ಯಾವುದಾದರೊಂದು ಗೋಡೆಯಲ್ಲಿ ನನ್ನದು ಅನ್ನುವುದೊಂದು ತೂಗಬೇಕು. ಒಂದು ಮೊಳೆಯಷ್ಟು ಜಾಗ ಸಾಕು.

ಗೋಡೆ ಹಳೆಯದು

ಅಂಕೋಲೆಯಿಂದ ಗದ್ದೆಬಯಲು ದಾಟಿ ಒಳಗೆ ಹೋದರೆ ಒಂದು ಹಳ್ಳಿ. ಅಲ್ಲಿ ಮುಚ್ಚಿಹೋದ ಶಾಲೆಯ ಒಂದು ಕೋಣೆಯನ್ನು ಊರವರೇ ಸೇರಿ ಸಂಗ್ರಹಾಲಯ ಮಾಡಿದ್ದಾರೆ. ಕೆಮ್ಮಣ್ಣು ಸಾರಿಸಿದ ಗೋಡೆಯ ಮೇಲೆ ಶೇಡಿ ಎಂಬ ಬಿಳಿಮಣ್ಣಿನಿಂದ ಬರೆದ ಚಿತ್ರಗಳು: ಭತ್ತದ ತೆನೆ, ಪಲ್ಲಕ್ಕಿ, ಸಾಲಾಗಿ ನಿಂತ ಜನ, ಏಣಿ ಹತ್ತುವ ಒಬ್ಬ ಮನುಷ್ಯ.

ನಾನು ಮೊದಲ ಸಲ ಹೋದದ್ದು ದೀಪಾವಳಿಯ ಹಿಂದಿನ ದಿನ. ಬಾಗಿಲಿಗೆ ಬೀಗ. ಬೀಗದ ಕೈ ಇದ್ದ ಹೆಂಗಸು ಗದ್ದೆಗೆ ಹೋಗಿದ್ದಳು. “ಬತ್ತದೆ, ಕೂತ್ಕಳಿ” ಎಂದು ಜಗುಲಿಯಲ್ಲಿ ಕೂರಿಸಿದರು. ಬರುವುದು ಬೀಗದ ಕೈಯೋ ಹೆಂಗಸೋ ಎಂದು ನಾನೂ ಕೇಳಲಿಲ್ಲ. ಕಾಯುವ ಹೊತ್ತಿನಲ್ಲಿ ಆ ಕೇರಿಯ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಬಂದು ಒಳಗಿರುವ ಚಿತ್ರಗಳನ್ನೆಲ್ಲ ಬಾಯಲ್ಲೇ ತೋರಿಸಿದರು. ತೆನೆ ನನ್ನ ಅತ್ತೆಯದು, ಪಲ್ಲಕ್ಕಿ ನಮ್ಮ ದೊಡ್ಡವ್ವನದು, ಏಣಿ ಮನುಷ್ಯ ಮಾತ್ರ ಯಾರದೋ ಗೊತ್ತಿಲ್ಲ, ಆದರೆ ಅವನೂ ನಮ್ಮ ಮನೆಯವನೇ. ಊರಲ್ಲಿ ಗೋಡೆಯ ಮೇಲೆ ಪಾಲಿಲ್ಲದೆ ಕೂತಿದ್ದವರು ಇಬ್ಬರೇ, ನಾನು ಮತ್ತು ಒಂದು ನಾಯಿ.

ಕೊನೆಗೆ ಆ ಹೆಂಗಸು ಬಂದು ಬಾಗಿಲು ತೆಗೆದಳು. ನಿಜವಾಗಿ ಬಹಳ ಚೆಲುವಾದ ಚಿತ್ರಗಳು. ಕೆಳಗೊಂದು ಚೀಟಿ: ‘ಬಹಳ ಹಳೆಯ ಚಿತ್ರ. ಮುಟ್ಟಬಾರದು.’

ಮುಟ್ಟಬಾರದು ಎಂದು ಮಕ್ಕಳಿಗೆ ಹೇಳಿಯೇ ಜೀವನ ಕಳೆದವಳು ನಾನು. ಮುಟ್ಟದೆ ಇರುತ್ತೇನೆಯೇ? ಒಂದು ಬೆರಳು ಇಟ್ಟೆ. ಬೆರಳ ತುದಿ ಬೆಳ್ಳಗಾಯಿತು. ಪಲ್ಲಕ್ಕಿಯ ಒಂದು ಕೋಲು ನನ್ನ ಕೈಗೆ ಬಂತು.

“ಇದು ಹಸಿಯಿದೆಯಲ್ಲಮ್ಮಾ!” ಎಂದೆ.

“ಹೌದು, ಬೆಳಿಗ್ಗೆ ಬರ್ದದ್ದು” ಎಂದಳು ಆಕೆ.

“ಬಹಳ ಹಳೆಯದು ಎಂದು ಬರೆದಿದ್ದೀರಿ?”

“ಗೋಡೆ ಹಳೇದು ಅಕ್ಕೋರೆ. ಹಬ್ಬಕ್ಕೆ ಹೊಸದಾಗಿ ಸಾರ್ಸಿ ಬರೀದೆ ಇದ್ರೆ ಲಕ್ಷ್ಮಿ ಒಳಗೆ ಬರ್ತಾಳಾ? ಹಳೇ ಚಿತ್ರ ಅದರ ಅಡಿಗೆ ಭದ್ರವಾಗಿ ಅದೆ.”

“ಹಾಗಾದರೆ ಮುಟ್ಟಬಾರದು ಎಂದು ಯಾಕೆ?”

ಶಾಲೆ ಕಲಿಸಿದವಳಿಗೆ ಇಷ್ಟೂ ತಿಳಿಯುವುದಿಲ್ಲವೇ ಎಂಬಂತೆ ಆಕೆ ನನ್ನ ಮುಖ ನೋಡಿದಳು.

“ಹಸಿ ಅದೆಯಲ. ಮುಟ್ಟಿದ್ರೆ ಅಳಸ್ತದೆ.”

ಮುಟ್ಟೂಕಿಲ್ಲ

ನನ್ನ ತಂಗಿ ಕೋಲಾರದಲ್ಲಿಯೇ ಇದ್ದಾಳೆ. ಅವಳೊಮ್ಮೆ ಯಾತ್ರೆಯ ಕಂಪನಿಯವರ ಸಂಗಡ ಹೊರದೇಶಕ್ಕೆ ಹೋಗಿ, ಅಲ್ಲಿನ ಸಂಗ್ರಹಾಲಯಗಳನ್ನೆಲ್ಲ ನೋಡಿ ಬಂದು ನನಗೆ ಫೋನಿನಲ್ಲಿ ಎರಡು ಗಂಟೆ ವರ್ಣಿಸಿದಳು. ಎರಡು ಗಂಟೆಯೂ ನಾನು “ಹೂಂ” ಎಂದೆ. ಫೋನು ಇಟ್ಟ ಮೇಲೆ ಎರಡು ದಿನ ಯಾರ ಹತ್ತಿರವೂ ಮಾತಾಡಲಿಲ್ಲ. ಇವಳಿಗೆ ತೋರಿಸಿಯೇ ತೀರಬೇಕೆಂದು ಹೋಳಿಯ ಹೊತ್ತಿಗೆ ಕರೆಸಿಕೊಂಡೆ.

ತೋರಿಸಬೇಕಾದದ್ದು ತುರಾಯಿಗಳನ್ನು. ಅಂಕೋಲೆಯ ಕಡೆ ಸುಗ್ಗಿ ಕುಣಿತದವರು ತಲೆಗೆ ಕಟ್ಟುವ ದೊಡ್ಡ ಹೂವಿನ ಕಿರೀಟ ಅದು. ಬಣ್ಣಬಣ್ಣದ ಹೂವು, ಹಕ್ಕಿ, ಮಿಂಚುವ ಕಾಗದ, ನೋಡಿದರೆ ಕಣ್ಣು ತುಂಬುತ್ತದೆ. ಒಂದು ಹಳ್ಳಿಯಲ್ಲಿ ಅವುಗಳಿಗೇ ಒಂದು ಕೋಣೆ ಮಾಡಿ ಗಾಜಿನ ಬೀರುಗಳಲ್ಲಿ ಇಟ್ಟಿದ್ದಾರೆ. ಅಲ್ಲಿ ನೋಡಿಕೊಳ್ಳುವ ಯಜಮಾನರಿಗೆ ನನ್ನ ಪರಿಚಯವಿದೆ.

ನಾವು ಹೋದಾಗ ಬಾಗಿಲು ತೆರೆದಿತ್ತು, ಯಜಮಾನರಿರಲಿಲ್ಲ. ಬೀರುಗಳೆಲ್ಲ ಖಾಲಿ. ಒಂದರಲ್ಲಿ ಮಾತ್ರ ಒಂದು ಬಾಚಣಿಗೆ ಇತ್ತು.

“ಏನಕ್ಕಾ, ಖಾಲಿ ಬೀರು ತೋರ್ಸಕ್ಕಾ ಇಷ್ಟು ದೂರ ಕರ್ಸಿದ್ದು?” ಎಂದಳು ತಂಗಿ. “ನಾನ್ ನೋಡಿದ್ನಲ್ಲ, ಅಲ್ಲಿ ಒಂದೊಂದು ಬೀರೂ...”

ಹೊರಗೆ ಅಂಗಳದಲ್ಲಿ ಗೇರುಬೀಜ ಒಣಗಿಸುತ್ತಿದ್ದ ಮುದುಕಿಯನ್ನು ಕೇಳಿದೆ. “ತುರಾಯಿ ಎಲ್ಲಿ ಹೋದವು?”

“ಕುಣಿಯೂಕೆ ಹೋಗಿದಾವೆ. ಹೋಳಿಲಿ ಕುಣೀದೆ ಬೀರುಲಿ ಕೂತ್ಕಣೂಕೆ ಅವಕ್ಕೆ ಎಂತ ಮೈಗೆ ಹುಷಾರಿಲ್ವಾ?”

ಅಷ್ಟರಲ್ಲಿ ಗುಮಟೆ ಎಂಬ ಮಣ್ಣಿನ ವಾದ್ಯದ ಸದ್ದು ಕೇಳಿತು. ಕೇರಿಯ ತಿರುವಿನಿಂದ ಮೇಳ ಬಂತು. ಬೀರುಗಳಲ್ಲಿ ಇರಬೇಕಾದದ್ದೆಲ್ಲ ತಲೆಗಳ ಮೇಲೆ ಕುಣಿಯುತ್ತ, ಬಾಗುತ್ತ, ಬಿಸಿಲಿಗೆ ಹೊಳೆಯುತ್ತ ನಮ್ಮ ಸುತ್ತಲೇ ತಿರುಗಿತು. ತಂಗಿಯ ಬಾಯಿ ಮುಚ್ಚಿತು. ಆ ಸುಖ ನನಗೆ ಎರಡು ಗಂಟೆಯ ಫೋನಿಗೆ ಸರಿಯಾಯಿತು. ಅವಳು ಮೈಮರೆತು ಕೈ ಚಾಚಿ, ಎದುರಿಗೆ ಬಂದ ಕುಣಿತದವನ ತುರಾಯಿಯ ಮೇಲಿನ ಹಕ್ಕಿಯನ್ನು ಮುಟ್ಟಲು ಹೋದಳು.

ಕುಣಿತದವನು ಹೆಜ್ಜೆ ತಪ್ಪಿಸದೆ ತಲೆ ಹಿಂದಕ್ಕೆಳೆದುಕೊಂಡ. ಹೂವಿನ ಜಾಲರಿಯ ಒಳಗಿಂದ ಯಜಮಾನರ ದನಿ ಏದುಸಿರಿನಲ್ಲಿ ಬಂತು:

“ಮುಟ್ಟೂಕಿಲ್ಲ! ಇದು ಸಂಗ್ರಹಾಲಯದ್ದು!”

ಸಮುದ್ರವಿಲ್ಲದ ಊರು

ಇದು ಸಣ್ಣ ಪ್ರಸಂಗ. ಕಾಳಿ ನದಿ ದಾಟಿ ದೇವಬಾಗದಲ್ಲಿ ಒಬ್ಬರು ಚಿಪ್ಪಿನಿಂದ ಚಿತ್ರ ಮಾಡಿ ಮನೆಯ ಪಡಸಾಲೆಯಲ್ಲಿ ಇಟ್ಟಿದ್ದಾರೆ. ನಾನೂ ನನ್ನ ಗಂಡನೂ ಹೋದೆವು. ಕುರ್ಚಿ ಬಂತು, ಶರಬತ್ತು ಬಂತು. ಚಿತ್ರ ಇದ್ದ ಗೋಡೆಗೆ ಬೆನ್ನು ಮಾಡಿ ನಮ್ಮನ್ನು ಕೂರಿಸಿ ಆತ ಕೇಳತೊಡಗಿದ. ಊರು ಯಾವುದು, ಮಕ್ಕಳೆಷ್ಟು, ಮೊಣಕಾಲಿಗೆ ಯಾವ ಎಣ್ಣೆ.

“ನಿಮ್ಮ ಕೋಲಾರದಲ್ಲಿ ಸಮುದ್ರ ಎಷ್ಟು ದೂರ?”

“ಸಮುದ್ರ ಇಲ್ಲ” ಎಂದೆ.

“ಹತ್ರ ಇಲ್ಲ?”

“ಇಲ್ಲವೇ ಇಲ್ಲ.”

ಆತ ಹೆಂಡತಿಯನ್ನು ಅಡುಗೆಮನೆಯಿಂದ ಕರೆದ. “ಇಲ್ಲಿ ಬಾ, ಇವ್ರ ಊರಲ್ಲಿ ಸಮುದ್ರವೇ ಇಲ್ವಂತೆ!” ಆಕೆ ಕೈ ಒರೆಸಿಕೊಳ್ಳುತ್ತ ಬಂದು ನನ್ನನ್ನು ಕರುಣೆಯಿಂದ ನೋಡಿ, “ಮತ್ತೆ ಸಂಜೆ ಹೊತ್ತಿಗೆ ಜನ ಎಂತ ನೋಡ್ತ್ರು?” ಎಂದು ಕೇಳಿದಳು.

ಮೂವತ್ತೈದು ವರ್ಷದಲ್ಲಿ ನನಗೆ ಈ ಪ್ರಶ್ನೆ ಬಂದಿರಲಿಲ್ಲ. ನೆನಪು ಮಾಡಿಕೊಂಡೆ. “ಒಬ್ಬರ ಮುಖ ಒಬ್ಬರು ನೋಡುತ್ತೇವೆ” ಎಂದೆ.

“ಅಯ್ಯೋ ಪಾಪ!” ಎಂದು ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಅಂದರು. ನನ್ನ ಗಂಡ ನನ್ನ ಮುಖ ನೋಡಿ, “ನನಗೂ ಅದೇ ಕಷ್ಟ” ಎಂದರು.

ಮೀನು ತಿನ್ನುವ ಗಿಳಿ

ಈಗ ಪಕ್ಕದ ಮನೆಯ ವೈನಿಯ ವಿಷಯಕ್ಕೆ ಬರಬೇಕು. ಅತ್ತಿಗೆಗೆ ಕೊಂಕಣಿಯಲ್ಲಿ ವೈನಿ ಎನ್ನುತ್ತಾರೆ, ಕೇರಿಗೆಲ್ಲ ಅವರು ವೈನಿ. ನನಗಿಂತ ಎರಡು ವರ್ಷಕ್ಕೆ ಹಿರಿಯರು. ಏಳು ತಲೆಮಾರಿನಿಂದ ಕಾರವಾರದವರು, ಆ ಏಳನ್ನೂ ಹೆಸರು ಹಿಡಿದು ಹೇಳಬಲ್ಲರು, ಹೇಳುತ್ತಾರೆ. ನಮ್ಮ ನಡುವೆ ಒಂದು ಗಿಡ್ಡ ಗೋಡೆ, ಅದರ ಮೇಲೆ ದಿನಾ ಪಲ್ಯದ ಬಟ್ಟಲು ಅತ್ತಿತ್ತ ಹೋಗುತ್ತದೆ. ಅವರ ಮನೆಯ ಪಲ್ಯ ನನ್ನದಕ್ಕಿಂತ ಚೆನ್ನಾಗಿರುವುದು ನನಗೆ ಗೊತ್ತು. ಅದು ಅವರಿಗೂ ಗೊತ್ತು ಅನ್ನುವುದೇ ನನ್ನ ಸಂಕಟ.

ನಮ್ಮ ಕೇರಿಯಲ್ಲೂ ಒಂದು ಕಲಾ ಸಂಗ್ರಹಾಲಯ ಆಗಬೇಕೆಂದು ಜನ ಸೇರಿ, ಒಂದು ಹಳೆಯ ಹಂಚಿನ ಮನೆಯ ಪಡಸಾಲೆ ಹಿಡಿದರು. ವೈನಿಯೇ ಅಧ್ಯಕ್ಷರು. ನಿವೃತ್ತ ಪೋಸ್ಟ್ ಮಾಸ್ತರರೊಬ್ಬರು ಕಾರ್ಯದರ್ಶಿ. ಮೊದಲನೆಯ ನಿಯಮ: ಇಲ್ಲಿನ ಕಲೆಯೇ ಆಗಿರಬೇಕು. ಮೊದಲನೆಯ ವಸ್ತು: ವೈನಿಯ ವಾಕಳ. ಹಳೆಯ ಸೀರೆಗಳ ತುಂಡು ಜೋಡಿಸಿ ಹೊಲಿಯುವ ಹೊದಿಕೆಗೆ ಇಲ್ಲಿ ಹಾಗೆನ್ನುತ್ತಾರೆ. ಅವರ ವಾಕಳ ಒಂದಿಡೀ ಗೋಡೆಯನ್ನು ನುಂಗಿತು. ಒಂದೊಂದು ತುಂಡು ತೋರಿಸಿ, ಇದು ಅಜ್ಜಿಯ ಸೀರೆ, ಇದು ಅತ್ತೆಯ ಬಾಣಂತನದ್ದು ಎಂದು ಅವರು ಹೇಳುವಾಗ ನೋಡಬೇಕು. ಕೆಂಪು, ಹಸಿರು, ಅರಿಶಿನ, ಸಣ್ಣ ಅಕ್ಕಿಕಾಳಿನಂಥ ಹೊಲಿಗೆ. ಸುಳ್ಳು ಹೇಳಬಾರದು, ಅಷ್ಟು ಚೆಲುವಾದ ವಸ್ತುವನ್ನು ನಾನು ಬೇರೆ ಕಂಡಿಲ್ಲ. ಆ ರಾತ್ರಿ ನನಗೆ ಜ್ವರ ಬಂತು.

ನನ್ನ ಟ್ರಂಕಿನಲ್ಲಿ ಒಂದು ಗಿಳಿ ಇತ್ತು. ಮದುವೆಗೆ ಮೊದಲು ನಾನೇ ಗಾಜಿನ ಮಣಿಗಳಿಂದ ಪೋಣಿಸಿ ಮಾಡಿದ್ದು. ಹಸಿರು ಮೈ, ಕೆಂಪು ಕೊಕ್ಕು. ಚೌಕಟ್ಟು ಹಾಕಿಸಿ ಕಮಿಟಿಯ ಮುಂದೆ ಇಟ್ಟೆ.

ಕಾರ್ಯದರ್ಶಿ ಕನ್ನಡಕ ಏರಿಸಿ ನೋಡಿದರು. “ಚಂದ ಅದೆ ಅಕ್ಕೋರೆ. ಆದ್ರೆ ಇದು ಕಾರವಾರದ್ದು ಅಂತ ಹೇಳೂಕೆ ಎಂತಾದ್ರೂ ಗುರುತು ಬೇಕಲ?”

ಮನೆಗೆ ತಂದೆ. ಪೇಟೆಯಿಂದ ಬೆಳ್ಳಿ ಬಣ್ಣದ ಮಣಿ ತಂದು ಹದಿನೈದು ದಿನ ಕೂತು ಗಿಳಿಯ ಕೊಕ್ಕಿನಲ್ಲಿ ಒಂದು ಬಂಗಡೆ ಮೀನು ಇಟ್ಟೆ. ನನ್ನ ಗಂಡ ನೋಡಿ, ಎದ್ದು ಹೊರಗೆ ಹೋಗಿ ನಕ್ಕು ಬಂದರು. ಮತ್ತೆ ಕಮಿಟಿಯ ಮುಂದೆ ಇಟ್ಟೆ.

ಕಾರ್ಯದರ್ಶಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಕಡೆಗೆ ವೈನಿ, “ಅಕ್ಕೋರೆ, ಗಿಳಿ ಮೀನು ತಿನ್ನೂದಿಲ್ಲ” ಎಂದರು.

“ಊರಲ್ಲಿದ್ದಾಗ ನಾನೂ ತಿನ್ನುತ್ತಿರಲಿಲ್ಲ ವೈನಿ” ಎಂದೆ. “ಮೂವತ್ತೈದು ವರ್ಷ ಕಾರವಾರದಲ್ಲಿ ಇಟ್ಟು ನೋಡಿ, ತಿನ್ನುತ್ತದೆ.”

ಒಪ್ಪಿಕೊಂಡದ್ದು ಒಂದೇ ಜೀವ

ಕಮಿಟಿ ಒಪ್ಪಲಿಲ್ಲ. ಆಗ ನನಗೆ ಹಟ ಬಂತು. ಹಾರವಾಡದಲ್ಲಿ ಮೀನುಗಾರರ ಕೇರಿಯವರು ಒಂದು ಕೋಣೆ ಮಾಡಿದ್ದಾರೆ. ದೋಣಿಯ ಮೂತಿಗೆ ಬರೆಯುವ ಬಣ್ಣದ ಚಿತ್ರಗಳಿರುವ ಹಳೆಯ ಹಲಗೆಗಳನ್ನೆಲ್ಲ ತಂದು ನಿಲ್ಲಿಸಿದ್ದಾರೆ. ತಾವರೆ, ಹುಲಿ, ದೊಡ್ಡ ದೊಡ್ಡ ಕಣ್ಣುಗಳು. ಆ ಕಣ್ಣುಗಳು ನನ್ನನ್ನೇ ನೋಡುತ್ತವೆ, ಅದೂ ಮರ್ಯಾದೆಯಿಂದ. ಅಲ್ಲಿ ನೋಡಿಕೊಳ್ಳುವವಳು ಮೀನು ಮಾರುವ ಹೆಂಗಸು. ಬುಟ್ಟಿ ಹೊತ್ತು ಬಂದವಳು ಬುಟ್ಟಿ ಇಳಿಸಿ ಬಾಗಿಲು ತೆಗೆಯುತ್ತಾಳೆ, ವ್ಯಾಪಾರದ ಹೊತ್ತಾಯಿತೆಂದರೆ ನಮ್ಮನ್ನು ಹೊರಗೆ ಹಾಕುತ್ತಾಳೆ.

ಗಿಳಿಯನ್ನು ತೋರಿಸಿ, ಕಮಿಟಿ ಒಪ್ಪದ ಕತೆಯೆಲ್ಲ ಹೇಳಿದೆ.

“ಅವ್ರ ಮಾತು ಎಂತಕ್ಕೆ ಕೇಳ್ತ್ರಿ? ಮೀನು ಅದೆಯಲ, ಸಾಕು. ಇಲ್ಲಿ ಹಾಕುವಾ” ಎಂದಳು. ಇಷ್ಟು ಸಲೀಸಾಗಿ ಈ ಸೀಮೆಯಲ್ಲಿ ನನ್ನನ್ನು ಯಾರೂ ಒಳಗೆ ಬಿಟ್ಟುಕೊಂಡಿರಲಿಲ್ಲ. ನನ್ನ ಕಣ್ಣು ತುಂಬಿ ಬಂತು. ಆಕೆ ಮೀನಿನ ಕೈಯಲ್ಲಿಯೇ ಗಿಳಿಯನ್ನು ಹಿಡಿದು, ಹಿಂದೆ ಮುಂದೆ ತಿರುಗಿಸಿ, ಗಾಜು ಕೊಳೆಯಾಗಿದೆ ಎಂದು ಚೌಕಟ್ಟಿನಿಂದ ಬಿಚ್ಚಿ, ಸೆರಗಿನಿಂದ ಒರೆಸಿ, ಗಿಳಿಯನ್ನು ಬುಟ್ಟಿಯ ಪಕ್ಕ ಇಟ್ಟು, ಮೊಳೆ ತರಲು ಆಚೆಮನೆಗೆ ಹೋದಳು.

ದೋಣಿಯ ಹಲಗೆಯ ಹಿಂದಿನಿಂದ ಒಂದು ಬೆಕ್ಕು ಬಂತು. ಬುಟ್ಟಿಯಲ್ಲಿ ನಿಜವಾದ ಬಂಗಡೆ ಇತ್ತು, ಅದರ ಮೇಲೆ ಗೋಣಿತಟ್ಟು ಮುಚ್ಚಿತ್ತು. ಹೊರಗೆ ಇದ್ದದ್ದು ನನ್ನದು. ನಾನು “ಹುಶ್” ಅನ್ನುವುದರೊಳಗೆ ಬೆಕ್ಕು ಮಣಿಮೀನನ್ನು ಬಾಯಲ್ಲಿ ಕಚ್ಚಿ, ಗಿಳಿಯ ಸಮೇತ ಎಳೆದುಕೊಂಡು ಬಾಗಿಲು ದಾಟಿತು. ಹಿಂದೆ ನಾನು. ಮರಳಿನ ಮೇಲೆ ಮೊದಲು ಬೆಳ್ಳಿ ಮಣಿ ಉದುರಿದವು, ಆಮೇಲೆ ಕೆಂಪು, ಆಮೇಲೆ ಹಸಿರು. ಬಲೆಗೆ ತೇಪೆ ಹಾಕುತ್ತಿದ್ದ ಗಂಡಸರೆಲ್ಲ ಎದ್ದು ನಿಂತು, ಅಕ್ಕೋರು ಓಡುವುದನ್ನು ನೋಡಿದರು. ಬೆಕ್ಕು ದೋಣಿಯ ಅಡಿಗೆ ಹೋಗಿ, ಬರೀ ದಾರ ಉಳಿದಾಗ ಅದನ್ನು ಉಗುಳಿ, ನನ್ನನ್ನು ಮೋಸಗಾತಿಯನ್ನು ನೋಡುವಂತೆ ನೋಡಿತು.

ಮೊಳೆ, ಸುತ್ತಿಗೆ ಹಿಡಿದು ಬಂದ ಆ ಹೆಂಗಸು ಮರಳಿನ ಮೇಲೆ ಕುಕ್ಕರಗಾಲಿನಲ್ಲಿ ಕೂತ ನನ್ನ ಪಕ್ಕ ತಾನೂ ಕೂತು ಮಣಿ ಆರಿಸತೊಡಗಿದಳು. ಬಹಳ ಹೊತ್ತಿನ ಮೇಲೆ ಸಮಾಧಾನ ಹೇಳಿದಳು:

“ಬೇಜಾರು ಮಾಡ್ಕಣಬೇಡಿ ಅಕ್ಕೋರೆ. ಕಮಿಟಿಯವ್ರಿಗೆ ಎಂತ ತಿಳೀತದೆ? ನಿಮ್ಮ ಮೀನು ಅಸಲು ಕಾರವಾರದ್ದೇ. ಹಾರವಾಡದ ಬೆಕ್ಕು ಸುಮ್ಮನೆ ಬಾಯಿ ಹಾಕೂದಿಲ್ಲ.”

ಕಾರವಾರದ ಅಜ್ಜಿ

ಗಿಳಿ ಹೋದ ಮೇಲೆ ನನ್ನ ಹತ್ತಿರ ಗೋಡೆಗೆ ಹಾಕಲು ಏನೂ ಉಳಿಯಲಿಲ್ಲ. ಕೇರಿಯ ಸಂಗ್ರಹಾಲಯಕ್ಕೆ ಮಾತ್ರ ಹೋಗುತ್ತಿದ್ದೆ. ಹೋಗದೆ ಇದ್ದರೆ ವೈನಿಗೆ ಗೊತ್ತಾಗುತ್ತದಲ್ಲ. ವಾಕಳದ ಎದುರಿಗೆ ಒಂದು ಬೆಂಚು ಇದೆ, ಫ್ಯಾನಿನ ಗಾಳಿ ಅಲ್ಲಿಗೇ ಬರುವುದು. ಅಲ್ಲಿ ಕೂತು ಆ ವಾಕಳದಲ್ಲಿ ಒಂದಾದರೂ ಹೊಲಿಗೆ ಸೊಟ್ಟಗಿದೆಯೇ ಎಂದು ಹುಡುಕುವುದು ನನ್ನ ಕೆಲಸವಾಗಿತ್ತು. ತಿಂಗಳುಗಟ್ಟಲೆ ಹುಡುಕಿದರೂ ಸಿಗಲಿಲ್ಲ.

ಒಂದು ದಿನ ಧಾರವಾಡದ ಕಡೆಯ ಚಿತ್ರಕಲೆಯ ಟೀಚರೊಬ್ಬಳು ಬರುತ್ತಾಳೆ, ಕಾರವಾರದ ಹಳೆಯ ತಲೆಮಾರಿನ ಹೆಂಗಸೊಬ್ಬಳ ಚಿತ್ರ ಬರೆದು ಸಂಗ್ರಹಾಲಯಕ್ಕೇ ಕೊಡುತ್ತಾಳೆ ಎಂದು ಸುದ್ದಿ ಬಂತು. ಹಳೆಯ ತಲೆಮಾರಿನ ಹೆಂಗಸು ಯಾರೆಂದು ಯಾರೂ ಕೇಳಲಿಲ್ಲ. ವೈನಿ ಕಚ್ಚೆಸೀರೆ ಉಟ್ಟು, ಅಜ್ಜಿಯ ನತ್ತು ಇಟ್ಟು, ತುರುಬಿಗೆ ಅಬೋಲಿ ಹೂವಿನ ದಂಡೆ ಮುಡಿದು ಬೆಳಿಗ್ಗೆಯೇ ಬಂದು ಕುರ್ಚಿಯಲ್ಲಿ ಕೂತರು. ಮಧ್ಯಾಹ್ನದ ತನಕ ಅಲುಗಲಿಲ್ಲ. ಮೂಗಿನ ಮೇಲೆ ನೊಣ ಕೂತರೂ ಅಲುಗಲಿಲ್ಲ. ಚಹಾ ಕೊಟ್ಟರೆ, “ಬೇಡ, ತುಟಿ ಸರೀತದೆ” ಎಂದು ಬಾಯಿ ತೆರೆಯದೆ ಹೇಳಿದರು. ನಾನು ನನ್ನ ಬೆಂಚಿನಲ್ಲಿ ಕೂತು, ಈಗ ಗೋಡೆಯ ಮೇಲೆ ವಾಕಳವೂ ಇವರದು, ಮುಖವೂ ಇವರದು ಎಂದು ಲೆಕ್ಕ ಹಾಕುತ್ತ ವಾಕಳವನ್ನು ದುರುಗುಟ್ಟಿ ನೋಡುತ್ತಿದ್ದೆ. ಆ ಹುಡುಗಿ ಗೆರೆ ಎಳೆದು ಮುಗಿಸಿ, ಇಬ್ಬರಿಗೂ ನಮಸ್ಕಾರ ಮಾಡಿ, ಮನೆಯಲ್ಲಿ ಬಣ್ಣ ತುಂಬಿ ಕಳಿಸುತ್ತೇನೆ ಎಂದು ಹೋದಳು.

ತಿಂಗಳ ಮೇಲೆ ಚಿತ್ರ ಬಂತು. ಕೇರಿಯೆಲ್ಲ ಸೇರಿತು. ವೈನಿ ಅದೇ ಸೀರೆ ಉಟ್ಟು ಬಂದಿದ್ದರು. ಕಾರ್ಯದರ್ಶಿ ಸುತ್ತಿದ ಕಾಗದ ಬಿಚ್ಚಿದರು.

ಬೆಂಚು. ಬೆಂಚಿನ ಮೇಲೆ ನಾನು. ಕತ್ತು ಮುಂದೆ ಚಾಚಿ, ಕಣ್ಣು ಅಗಲಿಸಿ, ಸೆರಗಿನ ತುದಿಯನ್ನು ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡು ಏನನ್ನೋ ನೋಡುತ್ತಿದ್ದೇನೆ. ಕೆಳಗೆ ಚಂದದ ಅಕ್ಷರದಲ್ಲಿ: ‘ತನ್ನೂರಿನ ಕಲೆಯ ಮುಂದೆ ಮೈಮರೆತ ಕಾರವಾರದ ಅಜ್ಜಿ.’

ವೈನಿಯ ನತ್ತು ಅಲುಗಿತು.

“ಇವ್ರು ಕೋಲಾರದವ್ರು!” ಎಂದರು ಕೊನೆಗೆ.

“ಚಿತ್ರ ಇಲ್ಲೇ ಬರ್ದದ್ದಲ ವೈನಿ. ನಿಯಮಕ್ಕೆ ಸರಿ ಅದೆ” ಎಂದರು ಕಾರ್ಯದರ್ಶಿ.

“ಮೈಮರೆತದ್ದು ಎಂತದು? ನಾ ಇವ್ರನ್ನ ಕಾಣದವ್ಳಾ?”

ನನ್ನ ಗಂಡ ಕನ್ನಡಕ ಹಾಕಿಕೊಂಡು ಚಿತ್ರದ ಹತ್ತಿರ ಹೋಗಿ ನೋಡಿದರು. “ಕೈ ಬಹಳ ಪಳಗಿದೆ ಹುಡುಗಿಯದು” ಎಂದು ಮೆಚ್ಚಿದರು. “ಇದೇ ಮುಖ. ಪಕ್ಕದ ಮನೆಗೆ ಹೊಸ ಫ್ರಿಜ್ ಬಂದ ದಿನವೂ ಇದೇ ಇತ್ತು.”

ಚಿತ್ರ ಗೋಡೆಗೆ ಏರಿತು. ಬೇರೆ ಗೋಡೆಯಲ್ಲಿ ಜಾಗವಿಲ್ಲದ ಕಾರಣ ವಾಕಳವನ್ನು ಒಂದು ಮಡಿಕೆ ಮಡಿಸಿ ಜಾಗ ಮಾಡಿದರು. ಮಡಿಸಿದ ಭಾಗದಲ್ಲಿ ವೈನಿಯ ನಾಲ್ಕು ತಲೆಮಾರು ಒಳಗೆ ಹೋದವು. ಒಂದು ವಾರ ಗಿಡ್ಡ ಗೋಡೆಯ ಮೇಲೆ ಪಲ್ಯದ ಬಟ್ಟಲು ಬರಲಿಲ್ಲ.

ಮೊನ್ನೆ ದೇವಬಾಗದಲ್ಲಿ ಇಳಿದುಕೊಂಡಿದ್ದ ಪ್ರವಾಸಿಗಳ ಒಂದು ಗುಂಪು ಬಂತು. ವೈನಿ ಅಧ್ಯಕ್ಷರಲ್ಲವೇ, ತೋರಿಸಿ ವಿವರಿಸುವುದು ಅವರೇ. ನಾನು ಆಗಲೇ ಒಳಗೆ ಕಂಬದ ಮರೆಯಲ್ಲಿ ನಿಂತು ನನ್ನನ್ನು ನೋಡಿಕೊಳ್ಳುತ್ತಿದ್ದೆ. ದಿನಕ್ಕೊಂದು ಸಲ ನೋಡುತ್ತೇನೆ, ಯಾರಿಗೂ ಹೇಳುವುದಿಲ್ಲ. ಗುಂಪಿನಲ್ಲಿದ್ದ ಒಬ್ಬ ಹೆಂಗಸು ಚಿತ್ರದ ಮುಂದೆ ನಿಂತು, “ಎಂಥ ಭಕ್ತಿ ಇದೆಯಮ್ಮ ಈ ಮುಖದಲ್ಲಿ! ಈ ಅಜ್ಜಿ ಇಲ್ಲೇ ಇದ್ದಾರಾ? ಒಂದು ಸಲ ಕಾಲು ಮುಟ್ಟಿ ನಮಸ್ಕಾರ ಮಾಡಬೇಕಿತ್ತು” ಎಂದಳು.

ವೈನಿ ಒಮ್ಮೆ ಚಿತ್ರದ ಕಡೆ ನೋಡಿದರು. ಆಮೇಲೆ ಸೆರಗಿನಿಂದ ಕಣ್ಣು ಒತ್ತಿಕೊಂಡರು.

“ಇಲ್ಲ ತಾಯಿ. ತೀರಿಹೋಗಿ ಬಹಳ ವರ್ಷ ಆಯ್ತು.”

ಗುಂಪಿನವರೆಲ್ಲ ಚಪ್ಪಲಿ ಬಿಟ್ಟು, ತಲೆ ತಗ್ಗಿಸಿ ನನಗೆ ಕೈ ಮುಗಿದರು. ವೈನಿಯೂ ಬೇರೆ ದಾರಿಯಿಲ್ಲದೆ ಮುಗಿದರು. ಅಷ್ಟು ಜನ ನಿಂತಿರುವಾಗ ನಾನೊಬ್ಬಳೇ ಹೇಗೆ ಸುಮ್ಮನಿರಲಿ? ನಾನೂ ಮುಗಿದೆ.

ಅವರು ಹೋದ ಮೇಲೆ ಕಂಬದ ಮರೆಯಿಂದ ಹೊರಗೆ ಬಂದೆ. ವೈನಿ ಬೆಚ್ಚಿ ಎದೆ ಹಿಡಿದುಕೊಂಡರು.

“ಅಲ್ಲಾ ವೈನಿ, ನಿಂತ ಕಾಲಲ್ಲಿ ನನ್ನನ್ನು ಸಾಯಿಸಿಬಿಟ್ಟ್ರಲ್ಲ!” ಎಂದೆ.

“ಮತ್ತೆಂತ ಮಾಡೂದು ಅಕ್ಕೋರೆ?” ಎಂದರು ವೈನಿ, ಸ್ವಲ್ಪವೂ ನಾಚಿಕೆಯಿಲ್ಲದೆ. “ಸತ್ತವ್ರ ಮೇಲೆ ಹೊಟ್ಟೆಕಿಚ್ಚು ಪಡೂಕೆ ಬರೂದಿಲ್ಲ. ನೀವು ಬದುಕಿ ಅದ್ರಿ ಅಂತ ನೆನಸ್ಕಂಡ್ರೆ ನಂಗೆ ನಿದ್ದೆ ಹತ್ತೂದಿಲ್ಲ.”

ಮೂವತ್ತೈದು ವರ್ಷದಲ್ಲಿ ಈ ಊರಿನಲ್ಲಿ ಯಾರೂ ನನಗೆ ಅಂಥ ಒಳ್ಳೆಯ ಮಾತು ಆಡಿರಲಿಲ್ಲ. ಮನೆಗೆ ಬಂದು ಹೊಟ್ಟೆ ತುಂಬ ಊಟ ಮಾಡಿ ಮಲಗಿದವಳನ್ನು, ಬೆಳಿಗ್ಗೆ ಎಂಟಾದರೂ ಎಚ್ಚರವಿಲ್ಲವಲ್ಲ ಎಂದು ಗಾಬರಿಯಾಗಿ ಗಂಡ ಅಲುಗಾಡಿಸಿ ನೋಡಬೇಕಾಯಿತು. ನಾನು ತೀರಿಹೋದ ಸುದ್ದಿ ಅವರಿಗೂ ಮುಟ್ಟಿತ್ತಂತೆ.